ಕಡೇ ಪಂಕ್ತಿಯ ಅಜ್ಜ

ಅಜ್ಜನಿಗೆ ಹಲ್ಲಿರಲಿಲ್ಲ. ಎಡಗಾಲಿನ ಮಂಡಿ ಮಡಚುತ್ತಿರಲಿಲ್ಲ. ತುಪ್ಪದ ಮೇಲೆ ವಿಪರೀತ ಆಸೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಮದುವೆಗಳಿಗೆ ಹೋಗಿ, ಕಡೇ ಪಂಕ್ತಿಯಲ್ಲಿ ಕೂತು ಉಂಡು, ಉಂಡದ್ದು ಹೇಗಿತ್ತು ಎಂದು ಮೊಬೈಲಿನ ಒಂದು ಪೇಜಿನಲ್ಲಿ ಬರೆಯುತ್ತಿದ್ದ. ಪೇಜಿನ ಹೆಸರು ‘ಕಡೇ ಪಂಕ್ತಿ’. ಚಿತ್ರದ ಜಾಗದಲ್ಲಿ ಉಂಡು ಮಡಚಿದ ಬಾಳೆಎಲೆ. ಅವನನ್ನು ಓದಲು ಜನ ಕಾಯುತ್ತಿದ್ದರು. ಅಂಥ ಅಜ್ಜ ಎಲ್ಲೂ ಇಲ್ಲ ಎಂದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಅವನನ್ನು ಕಟ್ಟಿ ನಿಲ್ಲಿಸಿದ ನನ್ನ ಅತ್ತಿಗೆಗೆ, ಮತ್ತು ನನಗೆ.

ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ. ಸಂಬಂಧಪಟ್ಟವರನ್ನೆಲ್ಲ ಕೇಳಿದೆ. ಒಬ್ಬರು ಮಾತ್ರ ಹಾಕು ಅಂದರು. ಅವರ ಹೆಸರು ಹಾಕಿದರೆ ಉಳಿದವರೂ ಗೊತ್ತಾಗುತ್ತಾರೆ ಎಂದು ಹೇಳಿ ಒಪ್ಪಿಸಿದ್ದೇನೆ. ನಾನು ನೋಡಿದ್ದು, ಕೇಳಿದ್ದು ಇಷ್ಟು.

ನಮ್ಮ ಕಡೆ ಮದುವೆಯಲ್ಲಿ ಮೊದಲ ಪಂಕ್ತಿ ಬೀಗರಿಗೆ, ಹಿರಿಯರಿಗೆ, ಬಸ್ಸು ಹಿಡಿಯಬೇಕಾದವರಿಗೆ. ಕಡೆಯ ಪಂಕ್ತಿ ಮನೆಯ ಹೆಂಗಸರಿಗೆ, ಬಡಿಸಿದವರಿಗೆ, ಬಾಜಾ ಬಾರಿಸಿದವರಿಗೆ, ಡ್ರೈವರುಗಳಿಗೆ. ಅಷ್ಟೊತ್ತಿಗೆ ಬದನೆಕಾಯಿ ಪಲ್ಯದಲ್ಲಿ ಬದನೆಕಾಯಿ ಇರುವುದಿಲ್ಲ. ತುಪ್ಪದ ಪಾತ್ರೆ ಯಾರ ಕೈಯಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅತ್ತಿಗೆ ಮದುವೆಯಾಗಿ ಸಿರುಗುಪ್ಪಕ್ಕೆ ಬಂದ ಮೇಲೆ ಉಂಡದ್ದೆಲ್ಲ ಕಡೇ ಪಂಕ್ತಿಯಲ್ಲೇ. ಒಂದು ಮದುವೆಯಿಂದ ಬರುವಾಗ, ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಸಿಟ್ಟಿನಲ್ಲಿ ಮೊದಲ ಬರಹ ಬರೆದಳು. ‘ಹಲ್ಲಿಲ್ಲದ ಈ ಮುದುಕನಿಗೆ ಮೆತ್ತಗಿನ ಅನ್ನ ಸಿಗಲೆಂದು ಪಾತ್ರೆಯ ತಳದಿಂದ ಸೀದದ್ದನ್ನೇ ಕೆರೆದು ಹಾಕಿದ ಪುಣ್ಯಾತ್ಮರಿಗೆ ಒಳ್ಳೆಯದಾಗಲಿ’ ಎಂದು ಶುರುವಾಗಿತ್ತು ಅದು.

“ಮುದುಕ ಯಾಕ ಅತ್ತಿಗಿ?” ಅಂದೆ.

“ಸೊಸಿ ಅಂದ್ರ ಬಾಯಿಬಡಕಿ ಅಂತಾರ. ಮುದುಕ ಅಂದ್ರ ಅನುಭವಸ್ಥ ಅಂತಾರ,” ಅಂದಳು.

ಹಾಗೇ ಆಯಿತು. ಕೆಲವೇ ತಿಂಗಳಲ್ಲಿ ಅಜ್ಜನ ಮಾತಿಗೆ ಊರೂರಲ್ಲಿ ಹೆದರಿಕೆ ಹುಟ್ಟಿತು. ಸಿರುಗುಪ್ಪದಲ್ಲಿ ಗೊಬ್ಬರದಂಗಡಿ ಇಟ್ಟಿರುವ ನನ್ನ ಅಣ್ಣ ಪ್ರತಿ ಬರಹವನ್ನೂ ಊಟಕ್ಕೆ ಕೂತು ಗಟ್ಟಿಯಾಗಿ ಓದುತ್ತಿದ್ದ. ಅತ್ತಿಗೆ ತಟ್ಟೆಗೆ ಸಾರು ಹಾಕುತ್ತಾ ಕೇಳುತ್ತಿದ್ದಳು. “ಕೇಳಿಲ್ಲಿ, ಕೇಳಿಲ್ಲಿ. ‘ಹಪ್ಪಳ ಮುರಿಯುವ ಸದ್ದು ಮೊದಲ ಪಂಕ್ತಿಗೆ, ಹಪ್ಪಳದ ನೆನಪು ನಮಗೆ.’ ಏನ್ ತಲೀನಬೇ ಈ ಮುದುಕಂದು. ಎಷ್ಟು ಮಂದೀನ್ನ ನೋಡ್ಯಾನೋ,” ಅನ್ನುತ್ತಿದ್ದ. ಅವಳು ಅಡುಗೆ ಮನೆಗೆ ಹೋಗಿ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ನಕ್ಕು ಬರುತ್ತಿದ್ದಳು. ರಜೆಗೆ ಊರಿಗೆ ಹೋಗಿದ್ದಾಗ ನಾನೂ ಕೂತಿದ್ದು, ಅನ್ನ ನೆತ್ತಿಗೇರಿಸಿಕೊಂಡು ಕೆಮ್ಮುತ್ತಿದ್ದೆ.

ಆ ದಿನಗಳಲ್ಲಿ ನಮ್ಮಿಬ್ಬರಿಗೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮದುವೆ ಮನೆಗೆ ಹೋದರೆ ಯಜಮಾನರು ಕಡೇ ಪಂಕ್ತಿಯವರೆಗೂ ತಾವೇ ತುಪ್ಪ ಹಿಡಿದು ನಿಂತಿರುತ್ತಿದ್ದರು. ಡ್ರೈವರುಗಳಿಗೆ “ಇನ್ನೊಂದು ಹಾಕಸ್ಕೋರಿ” ಎಂಬ ಉಪಚಾರ. ಮೋಕದ ಒಂದು ಮದುವೆಯಲ್ಲಂತೂ ಮೊದಲ ಪಂಕ್ತಿಗೆ ಯಾರೂ ಕೂಡಲೇ ಇಲ್ಲ. ಎಲೆ ಹಾಕಿ, ನೀರಿಟ್ಟು, ಬನ್ನಿ ಬನ್ನಿ ಎಂದು ಕರೆದರೂ ಜನ ಕಂಬಕ್ಕೊರಗಿ, “ನಮ್ದೇನು ಅವಸರಿಲ್ರಿ, ಕಡೀಕ ಕೂಡ್ತೀವಿ” ಅಂದರು. ಹುಡುಗಿಯ ತಂದೆ ಕೈಮುಗಿದು ಬೀಗರನ್ನು ತೋಳು ಹಿಡಿದು ಕೂಡಿಸಬೇಕಾಯಿತು. ಅತ್ತಿಗೆ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ಬೆನ್ನು ಕುಲುಕುತ್ತಿತ್ತು. ಪಕ್ಕದಲ್ಲಿದ್ದ ಒಬ್ಬ ಹೆಂಗಸು, “ಯಾಕ ತಂಗಿ, ಹುಡುಗಿ ನಿಮ್ಮ ಪೈಕೀನ? ಅಳಬ್ಯಾಡ, ಹತ್ರದಾಗ ಕೊಟ್ಟಾರ” ಎಂದು ಸಮಾಧಾನ ಹೇಳಿದಳು.

ಇನ್ನು ಸರ್ರು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಾನು ಬಾಡಿಗೆಗಿರುವುದು ಅವರ ಮನೆಯ ಮಹಡಿಯಲ್ಲಿ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಯಾರ ಮದುವೆಯೇ ಆಗಲಿ, ಪಂಕ್ತಿಗಳ ನಡುವೆ ಓಡಾಡುತ್ತಾ, “ಇಲ್ಲಿ ಸಾರು ತರ್ರಿ, ಇವರಿಗೆ ಉಪ್ಪು ಬಿದ್ದಿಲ್ಲ” ಎಂದು ಮೇಲ್ವಿಚಾರಣೆ ಮಾಡುವುದು ಅವರ ಹವ್ಯಾಸ. ಹಾಗಾಗಿ ಅವರ ಊಟವೂ ಯಾವಾಗಲೂ ಕಡೇ ಪಂಕ್ತಿಗೆ. ಕಟ್ಟಿಸಿದ ಹಲ್ಲು. ಮಂಡಿ ನೋವು. ಅಜ್ಜ ಯಾರೆಂದು ತಲೆ ಕೆಡಿಸಿಕೊಂಡಿದ್ದ ಊರಿನವರು ಕಡೇ ಪಂಕ್ತಿಯಲ್ಲಿ ಕೂಡುವ ದೊಡ್ಡ ಮನುಷ್ಯ ಯಾರು ಎಂದು ನೋಡಿದರು, ಸರ್ರು ಸಿಕ್ಕರು. ಅದೇ ಸಾಲಿನಲ್ಲಿ ಕೂತ ಮೂವತ್ತು ನಲವತ್ತು ಹೆಂಗಸರ ಮೇಲೆ ಒಬ್ಬರ ಕಣ್ಣೂ ನಿಲ್ಲಲಿಲ್ಲ.

“ಅದು ನಾ ಅಲ್ರೀ” ಎಂದು ಸರ್ರು ಮೊದಮೊದಲು ಹೇಳಿದರು. ಕೇಳಿದವರು ಕಣ್ಣು ಮಿಟುಕಿಸಿದರು. ಅಲ್ಲ ಅಂದಷ್ಟೂ ಜನಕ್ಕೆ ಖಾತ್ರಿಯಾಯಿತು. ಆಮೇಲೆ ಅವರು ಅಲ್ಲ ಅನ್ನುವುದನ್ನು ಬಿಟ್ಟು ಸುಮ್ಮನೆ ನಗತೊಡಗಿದರು. ಆಮೇಲೆ ಬಡಾವಣೆಯವರು ಸೇರಿ ಒಂದು ಶಾಲು ಹೊದಿಸಿದರು. ಅದನ್ನು ಅವರು ತೆಗೆಯಲಿಲ್ಲ. ನಾನು ಮೆಟ್ಟಿಲ ಮೇಲಿಂದ ನೋಡುತ್ತಿದ್ದೆ. ಅತ್ತಿಗೆಗೆ ಫೋನಿನಲ್ಲಿ ಹೇಳಿದಾಗ ನಕ್ಕೂ ನಕ್ಕೂ ಬಿಕ್ಕಳಿಕೆ ಬಂದು, “ಹೊದಿಸ್ಲಿ ಬಿಡಬೇ, ನನಗ ಶಾಲು ಹಾಕ್ಕೊಂಡ್ರ ಸೆಕಿ ಆಕ್ಕೈತಿ” ಅಂದಳು.

ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಹೆಸರು ಬರೆಯದೆ ಬಂದ ಸೀಸೆಯನ್ನು ನಾವು ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ. ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋದರೆ ಏನಾಗುತ್ತದೆ ಎಂದು ನನಗೆ ಸರಿಯಾಗಿ ಗೊತ್ತು. ಆದರೂ ನಕ್ಕೆ. ಅಷ್ಟು ಚೆನ್ನಾಗಿತ್ತು ಅದು.

ಆಮೇಲೆ ನಮ್ಮ ಚಿಕ್ಕಪ್ಪನ ಮಗಳ ಮದುವೆ ಬಂತು, ಸಿರುಗುಪ್ಪದ ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನ ಚಿಕ್ಕಪ್ಪನ ಮನೆಯಲ್ಲಿ ದೇವರ ಕಾರ್ಯ. ಹೋಳಿಗೆ ಮಾಡಿದ್ದು ನಾವೇ ಮನೆಯ ಹೆಂಗಸರು. ನಾನು ಕಣಕ ನಾದಿದೆ, ಹೂರಣ ರುಬ್ಬಿ ಹೋಳಿಗೆ ತಟ್ಟಿದ್ದು ಅತ್ತಿಗೆ. ಮದುವೆಯ ದಿನದ ಹೋಳಿಗೆಗೆ ಕುರುಗೋಡಿನಿಂದ ಅಡುಗೆಯ ಹೆಣ್ಣುಮಕ್ಕಳನ್ನು ಕರೆಸಿದ್ದರು. ಎಲೆಯಗಲ ತೆಳ್ಳಗೆ ಹೋಳಿಗೆ ಮಾಡಿ ನಾಲ್ಕು ಮಡಿಕೆ ಮಾಡಿ ಹಾಕುವುದರಲ್ಲಿ ಅವರು ಹೆಸರಾದವರು.

ಮದುವೆ ಮುಗಿಯಿತು. ಸಂಜೆ ಅಜ್ಜ ಬರೆದ: ‘ಸಿರುಗುಪ್ಪದ ಮದುವೆ, ಕುರುಗೋಡಿನ ಹೋಳಿಗೆ. ಹಲ್ಲಿಲ್ಲದವನಿಗೆ ಹಳಸಿದ್ದೂ ಗೊತ್ತಾಗುವುದಿಲ್ಲ ಎಂದುಕೊಂಡರೇನೋ ಆ ಹೆಣ್ಣುಮಕ್ಕಳು.’ ಜೊತೆಗೆ ಸೆರಗಿನ ಮರೆಯಲ್ಲಿ ಮೊಬೈಲ್ ಹಿಡಿದು ತೆಗೆದ ಒಂದು ಫೋಟೊ, ಎಲೆಯ ಅಂಚಿನಲ್ಲಿ ಹೋಳಿಗೆ. ಎಂದಿಗಿಂತ ಹೆಚ್ಚು ಜನ ಅದನ್ನು ಹಂಚಿಕೊಂಡರು. ಆ ಹೆಣ್ಣುಮಕ್ಕಳ ಮುಂದಾಳಾದ ಅಡುಗೆಯಾಕೆಯ ಊರು, ಮನೆ, ಫೋನ್ ನಂಬರು ಎಲ್ಲವನ್ನೂ ಯಾರೋ ಕೆಳಗೆ ಬರೆದರು. ಅವರ ಹೋಳಿಗೆ ಎಂದೂ ತಿನ್ನದವರೂ ಬೈದರು.

ಒಂದು ಬೆಳಗ್ಗೆ ನಾನು ಕೆಲಸಕ್ಕೆ ಹೊರಟು ಮೆಟ್ಟಿಲಿಳಿಯುವಾಗ ಕೆಳಗಿನ ಅಂಗಳದಲ್ಲಿ ಆ ಅಡುಗೆಯಾಕೆ ನಿಂತಿದ್ದರು. ಗಟ್ಟಿ ಆಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಎದುರಿಗೆ ಕುರ್ಚಿಯಲ್ಲಿ ಸರ್ರು.

“ಸರ್ರ, ಕಡೀ ಪಂಕ್ತಿ ಅಜ್ಜ ಅಂದ್ರ ನೀವೇ ಅಂತಲ್ರಿ?”

ಸರ್ರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅವರ ಕೈ ಬಾಯಿಯ ಹತ್ತಿರ ಹೋಯಿತು.

“ಉಪ್ಪು ಕಡಿಮಿ ಅನ್ರಿ, ಒಪ್ಕೊಂತೀನಿ. ಹಳಸಿದ್ದು ಹಾಕ್ಯಾರ ಅಂತ ಬರದ್ರಲ್ಲ. ಮುಂಜಾನೆ ಕುದಿಸಿದ ಬ್ಯಾಳಿ ಮಧ್ಯಾಹ್ನಕ್ಕ ಹೆಂಗ ಹಳಸ್ತೈತ್ರಿ? ಹಿಡಿದಿದ್ದ ಮದಿವಿ ಎಲ್ಲಾ ಒಬ್ಬೊಬ್ರ ಫೋನ್ ಮಾಡಿ ಬ್ಯಾಡ ಅನ್ನಾಕ ಹತ್ತ್ಯಾರ. ನನ್ನ ಜೋಡಿ ಬರೋ ಹೆಣ್ಮಕ್ಳು ಈ ಸೀಜನ್ ಏನ್ ಮಾಡ್ಲಿ?”

“ನೋಡೂಣವ್ವ,” ಅಂದರು ಸರ್ರು.

“ಏನ್ ನೋಡ್ತೀರಿ? ಮುಂಚೆ ಯಾರರ ಬೈದ್ರ ಅವರ ಬಾಗಲಾಗ ನಿಂತು ಕೇಳಿ ಬರ್ತಿದ್ವಿ. ಈ ಫೋನಿನ್ಯಾಗ ಬೈದ್ರ ನಾ ಯಾರ ಬಾಗಲಾಗ ನಿಲ್ಲಲಿ? ಮಂದಿ ನಿಮ್ಮನಿ ತೋರಿಸಿದ್ರು, ಬಂದೀನಿ.”

ಜೋರಾಗಿ ಮಾತಾಡಲಿಲ್ಲ ಆಕೆ. ಜೋರು ಮಾಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ನಾನು ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದೆ. ಆಕೆ ಹೋದ ಮೇಲೆ ಸರ್ರು ಕುಂಟುತ್ತಾ ಬಂದು, “ತಂಗಿ, ಆ ಪೇಜಿನಾಗ ಬರದದ್ದು ಹೆಂಗ ಅಳಸ್ತಾರ?” ಎಂದು ಕೇಳಿದರು.

“ನಿಮ್ಮದಾದ್ರ ಅಳಸಬಹುದು ಸರ್ರ.”

“ನಂದಲ್ಲ,” ಅಂದರು. ಶಾಲು ಬಂದ ಮೇಲೆ ಅವರು ಹಾಗೆಂದದ್ದು ಅದೇ ಮೊದಲು. “ಆಕಿ ಮುಂದ ಅದನ್ನ ಹೇಳಾಕ ಬಾಯಿ ಬರಲಿಲ್ಲ ನೋಡು.”

ಲ್ಯಾಬಿನಲ್ಲಿ ಊಟದ ಹೊತ್ತಿಗೆ ಆ ಫೋಟೊ ತೆಗೆದು ನೋಡಿದೆ. ದೊಡ್ಡದು ಮಾಡಿ ನೋಡಿದೆ. ಹೋಳಿಗೆ ಅಂಗೈಯಷ್ಟಿತ್ತು. ಮಡಿಕೆ ಇರಲಿಲ್ಲ. ಮದುವೆಯ ದಿನ ಒಂದು ಆಟೋದಿಂದ ಮಂಟಪದ ಹಿಂಬಾಗಿಲಿಗೆ ಬುಟ್ಟಿ ಇಳಿಸಿದ್ದು ನೆನಪಾಯಿತು. ಅಷ್ಟಕ್ಕೇ ಹೇಳಬಾರದೆಂದು ಚಿಗವ್ವನಿಗೆ, ಅಂದರೆ ಚಿಕ್ಕಪ್ಪನ ಹೆಂಡತಿಗೆ, ಫೋನ್ ಮಾಡಿದೆ. “ಹೂನಬೇ, ಬೀಗರಿಗೆ ಕಟ್ಟಿಕೊಟ್ಟು ಹೋಳಿಗಿ ಕಡಿಮಿ ಬಿದ್ದಿದ್ವು. ಮನ್ಯಾಗ ಹಿಂದಿನ ದಿನದ್ವು ಉಳದಿದ್ವು, ಕೆಡಸೋದ್ಯಾಕ ಅಂತ ಕಡೀ ಪಂಕ್ತಿಗೆ ಕಳಿಸಿದೆ. ಯಾಕ?” ಅಂದರು. ಏನಿಲ್ಲ ಅಂದೆ.

ಆಮೇಲೆ ಅತ್ತಿಗೆಗೆ ಮಾಡಿದೆ.

“ಫೋಟೋ ತಗದು ನೋಡು ಅತ್ತಿಗಿ. ಹೋಳಿಗಿ ಎಷ್ಟಗಲ ಐತಿ?”

“ಅಂಗೈಯಷ್ಟು.”

“ಕುರುಗೋಡಿನವರದು ಎಷ್ಟಗಲ ಇರ್ತೈತಿ?”

“ಎಲಿ ತುಂಬ...” ಅಂದವಳು ನಿಂತಳು. “ಮತ್ತ ಇದು ಯಾರು ಮಾಡಿದ್ದಬೇ?”

“ನೀನು.”

ಆ ಕಡೆ ನಗು ಶುರುವಾಯಿತು. ನಾನೂ ಅಲ್ಲೇ, ಸೀಸೆಗಳ ಎದುರಿಗೆ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. “ನನ್ನ ಹೋಳಿಗಿಗೆ ನಾನಾ ಬೈದೀನಿ? ಒಂದು ತುತ್ತು ಬಾಯಾಗ ಇಟ್ಕೊಂಡಕೂಡ್ಲೆ ಅನಿಸ್ತು, ಈ ರುಚಿ ಎಲ್ಲೋ ನೋಡೀನಿ ಅಂತ. ಕೈಗೆ ಹುಳ ಬೀಳ್ಲಿ ಇದನ್ನ ಮಾಡಿದಾಕೀದು ಅಂತ ಬೈಕೊಂಡೆ,” ಅಂದಳು. ಮತ್ತೆ ನಕ್ಕೆವು. ಆಮೇಲೆ ನಾನು ಅಂಗಳದಲ್ಲಿ ನಡೆದದ್ದನ್ನು ಒಂದೊಂದೇ ಮಾತು ಬಿಡದೆ ಹೇಳಿದೆ. “ತಿದ್ದಿ ಬರೀತೀನಿ,” ಅಂದು ಫೋನಿಟ್ಟಳು.

ಆ ಸಂಜೆಯೇ ಅಜ್ಜನ ಕೈಯಿಂದ ತಿದ್ದುಪಡಿ ಬರೆಸಿದಳು. ಆ ಹೋಳಿಗೆ ಕುರುಗೋಡಿನವರದಲ್ಲ, ಅಜ್ಜನಿಂದ ತಪ್ಪಾಯಿತು, ಕ್ಷಮಿಸಿ. ಯಾರೂ ನಂಬಲಿಲ್ಲ. ‘ಅಜ್ಜಗ ಯಾರೋ ಹೆದರಿಸ್ಯಾರ’ ಎಂದು ಒಬ್ಬ. ‘ಹೋಳಿಗೆ ಡಬ್ಬಿ ಮನೆಗೆ ಬಂತಾ ಅಜ್ಜ?’ ಎಂದು ಇನ್ನೊಬ್ಬ. ಅವರದಲ್ಲದಿದ್ದರೆ ಯಾರದು, ನಿಮಗೆ ಹೇಗೆ ಗೊತ್ತು ಎಂದು ಹಲವರು ಕೇಳಿದರು. ಮಂಡಿ ಮಡಚದ ಮುದುಕ ಚಿಕ್ಕಪ್ಪನ ಅಡುಗೆ ಮನೆಯಲ್ಲಿ ಹೇಗೆ ಕೂತಿದ್ದಾನು? ಅವನು ಬೈಯಬಲ್ಲವನಾಗಿದ್ದ, ನಗಿಸಬಲ್ಲವನಾಗಿದ್ದ. ಸಾಕ್ಷಿ ಹೇಳಲು ಅವನಿಗೆ ಆಗಲಿಲ್ಲ.

ಮರುದಿನ ಅತ್ತಿಗೆ ಬಸ್ಸು ಹತ್ತಿ ಬಳ್ಳಾರಿಗೆ ಬಂದಳು. ಮಹಡಿಯ ಮೆಟ್ಟಿಲಲ್ಲಿ ಕೂತೆವು.

“ನನ್ನ ಹೆಸರಿನಾಗ ಬರದಿದ್ರ ಒಂದು ನರಪಿಳ್ಳಿ ಓದ್ತಿರಲಿಲ್ಲ. ಮೊದಲನೇದು ಬರದ ದಿನಾನ ಮನಿಯಾಗ ಫೋನ್ ಕಸಗೊಂತಿದ್ರು. ಮುಖ ಮುಚ್ಕೊಂಡಿದ್ದಕ್ಕ ಅಲ್ಲೇನು, ಡ್ರೈವರಗೋಳಿಗೆ ತುಪ್ಪ ಬಿದ್ದಿದ್ದು?” ಅಂದಳು.

“ಖರೆ. ಕಲ್ಯಾಣ ಮಂಟಪ ತುಂಬ ಮಂದಿ ಕರೆಯೋರ ಮುಂದ ನೀ ಮುಖ ಮುಚ್ಕೊಂಡಿದ್ದಕ್ಕ ನನಗೇನೂ ಅನಿಸಲಿಲ್ಲ. ಈಕಿ ನಿನಗಿಂತ ಬಡವಿ ಅದಾಳ. ಆಕಿ ಹೆಸರು, ನಂಬರು ಎಲ್ಲಾರ ಕೈಯಾಗ ಐತಿ. ನಿಂದು ಯಾರ ಕೈಯಾಗೂ ಇಲ್ಲ.”

“ಹೇಳಿದ್ರ ಚಿಗವ್ವ ನನ್ನ ಬಿಡ್ತಾಳ?”

“ಬಿಡಂಗಿಲ್ಲ.”

“ಅವ್ವ?” ಅವಳು ಕೇಳಿದ್ದು ನನ್ನ ತಾಯಿಯ ಬಗ್ಗೆ, ಅಂದರೆ ತನ್ನ ಅತ್ತೆಯ ಬಗ್ಗೆ.

“ಆಕೀನೂ ಬಿಡಂಗಿಲ್ಲ.”

“ನೀ ಸಮಾಧಾನ ಮಾಡಾಕ ಕೂತೀಯೋ, ಹೆದರಸಾಕೋ?” ಅಂದು ಎದ್ದು, ಬಂದ ದಾರಿಯಲ್ಲೇ ಸಿರುಗುಪ್ಪದ ಬಸ್ಸಿಗೆ ಹೋದಳು. ನಾನೂ ಜೊತೆಗೆ ಹೋದೆ. ಯಾಕೆಂದರೆ ಮೊದಲು ಅಣ್ಣನಿಗೆ ಹೇಳಬೇಕಿತ್ತು.

ಅಣ್ಣ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಅವಳು ಒಂದೇ ಉಸಿರಿಗೆ ಹೇಳಿದಳು. ಅವನು ಟವೆಲ್ಲು ಹಿಡಿದೇ ನಿಂತ. ಸಿಟ್ಟು ಬರುತ್ತದೆ ಎಂದು ನಾನು ಕಾಯುತ್ತಿದ್ದೆ.

“ಹಂಗಾರ ಅಜ್ಜ ಇಲ್ಲೇನು?” ಅಂದ. ಯಾರೋ ತೀರಿಹೋದ ಸುದ್ದಿ ಕೇಳಿದವನ ಹಾಗೆ.

“ಇಲ್ಲ.”

“ಮತ್ತ ಆ ಮಂಡಿ ನೋವು?”

“ಅದು ನಿಮ್ಮವ್ವಂದು.”

“ಹಲ್ಲು?”

“ನಮ್ಮಪ್ಪಂದು.”

ಅಣ್ಣ ಮಂಚದ ಮೇಲೆ ಕೂತ. “ನಾ ಅಂಗಡಿಯಾಗ ಎಲ್ಲಾರಿಗೂ ಹೇಳೀನಿ, ಆ ಅಜ್ಜನ ಒಂದ್ಸಲ ಮನಿಗೆ ಕರದು ಊಟಕ್ಕ ಹಾಕಬೇಕು ಅಂತ,” ಅಂದ. ಆಮೇಲೆ ಅವನಿಗೆ ಮೊದಲು ನಗು ಬಂತೋ ಸಿಟ್ಟು ಬಂತೋ ನನಗೆ ಸರಿಯಾಗಿ ಹೇಳಲಾಗದು. ಎರಡೂ ಬಂದವು. ನಮ್ಮವ್ವ ಒಳಗಿನಿಂದ, “ನನ್ನ ಮಂಡಿ ಯಾಕ ಎಳದ್ಯಾಡ್ತೀರಿ?” ಎಂದು ಕೇಳಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಅತ್ತಿಗೆ ಬರೆದಳು. ಮಡಚಿದ ಬಾಳೆಎಲೆ ತೆಗೆದು ತನ್ನ ಮುಖ ಹಾಕಿದಳು, ಕೆಳಗೆ ತನ್ನ ಪೂರ್ತಿ ಹೆಸರು. ತಾನು ಸಿರುಗುಪ್ಪದ ಒಬ್ಬ ಸೊಸೆ, ಫೋಟೊದಲ್ಲಿರುವ ಹೋಳಿಗೆ ಹಿಂದಿನ ದಿನ ತಾನೇ ಮಾಡಿದ್ದು, ಅದು ಹಳಸಿತ್ತು, ಕುರುಗೋಡಿನವರ ಹೋಳಿಗೆ ತನ್ನ ಎಲೆಗೆ ಬಂದೇ ಇರಲಿಲ್ಲ, ಸತ್ಯನಾರಾಯಣಪೇಟೆಯ ಸರ್ರಿಗೂ ಈ ಪೇಜಿಗೂ ಸಂಬಂಧವಿಲ್ಲ. ಅಲಂಕಾರ ಏನೂ ಇರಲಿಲ್ಲ. ಹೋಳಿಗೆಗೆ ಬೈದದ್ದನ್ನು ಹಂಚಿಕೊಂಡವರಿಗಿಂತ ಇದನ್ನು ಹಂಚಿಕೊಂಡವರು ಕಡಿಮೆಯೇ. ಅಜ್ಜನಿಗೆ ಕೈಮುಗಿಯುತ್ತಿದ್ದ ಕೆಲವರು ಅವಳಿಗೆ ಬರೆದ ಮಾತುಗಳನ್ನು ನಾನಿಲ್ಲಿ ಬರೆಯಲಾರೆ. ಬಹಳ ಜನ ಪೇಜು ಬಿಟ್ಟುಹೋದರು. ಚಿಗವ್ವ ಇನ್ನೂ ನಮ್ಮ ಮನೆ ಮೆಟ್ಟಿಲು ಹತ್ತಿಲ್ಲ. ಕರೂರಿನಿಂದ ಸಿರುಗುಪ್ಪಕ್ಕೆ ದಿನವೂ ಕೆಲಸಕ್ಕೆ ಬರುವ ಒಬ್ಬಾಕೆ ಅತ್ತಿಗೆಯನ್ನು ಬಸ್ ನಿಲ್ದಾಣದಲ್ಲಿ ಗುರುತು ಹಿಡಿದು, “ನೀವಾ ಅದು? ನಾನೂ ಕಡೀ ಪಂಕ್ತೀನ ನೋಡ್ರಿ” ಎಂದು ಕೈಹಿಡಿದು ಕುಲುಕಿದಳಂತೆ. ಸರ್ರು ಮಹಡಿ ಹತ್ತಿ ಬಂದು, “ಅಂತೂ ನನ್ನ ಹಲ್ಲು ನನಗ ವಾಪಸ್ ಬಂದ್ವು” ಅಂದರು. ಆದರೂ ಆ ವಾರ ಅವರು ಯಾವ ಮದುವೆಗೂ ಹೋಗಲಿಲ್ಲ.

ಕುರುಗೋಡಿನ ಆಕೆಗೆ ಬಿಟ್ಟುಹೋದ ಮದುವೆಗಳಲ್ಲಿ ಕೆಲವು ವಾಪಸ್ ಬಂದವು, ಎಲ್ಲವೂ ಅಲ್ಲ. ಅತ್ತಿಗೆ ಫೋನ್ ಮಾಡಿ ತಪ್ಪಾಯಿತು ಅಂದದ್ದಕ್ಕೆ ಆಕೆ, “ಫೋನಿನ್ಯಾಗ ಬ್ಯಾಡ. ಕುರುಗೋಡಿಗೆ ಬರ್ರಿ, ಒಂದು ಗೃಹಪ್ರವೇಶ ಐತಿ, ಕೆಲಸಕ್ಕ ಕೂಡ್ರಿ” ಅಂದರು.

ಹೋದೆವು. ಹೊಸ ಮನೆಯ ಹಿಂದೆ ಶಾಮಿಯಾನದ ಕೆಳಗೆ ಒಲೆಗಳು, ಅಗಲ ಹಂಚುಗಳು, ಸುತ್ತ ಹೆಣ್ಣುಮಕ್ಕಳು. ಅತ್ತಿಗೆಯನ್ನು ನೋಡಿದ್ದೇ ಒಬ್ಬಾಕೆ, “ಬಂದ್ರಬೇ ಅಜ್ಜಾರು” ಅಂದಳು. ಎಲ್ಲರೂ ನಕ್ಕರು. ಅಡುಗೆಯಾಕೆ ನಗಲಿಲ್ಲ. ಒಂದು ಉಂಡೆ ಕೊಟ್ಟು, “ತಟ್ರಿ ನೋಡೂಣ” ಅಂದರು. ಅತ್ತಿಗೆಯ ಹೋಳಿಗೆ ಅಂಗೈ ದಾಟುವಷ್ಟರಲ್ಲಿ ಹರಿಯಿತು. ಎರಡನೆಯದೂ ಹರಿಯಿತು. ಆಗ ಆಕೆ ನಕ್ಕರು. ನಗುತ್ತಲೇ ಹರಿದದ್ದನ್ನು ಹಂಚಿಗೆ ಹಾಕಿ, ತುಪ್ಪ ಬಿಟ್ಟು, ಅವಳ ಕೈಗೇ ಕೊಟ್ಟರು. “ತಪ್ಪಾತು ಅಕ್ಕ,” ಅಂದಳು ಅತ್ತಿಗೆ. “ಉಣ್ರಿ ಮೊದಲು,” ಅಂದರು ಆಕೆ.

ಆಮೇಲೆ ಅತ್ತಿಗೆ ಮೊಬೈಲ್ ತೆಗೆದಳು. ತೆಗೆದವಳು ನಿಂತು ಕೇಳಿದಳು. “ಒಂದು ಫೋಟೋ ತಗೀಲೇನಕ್ಕ?”

“ತಗೀರಿ. ಆದ್ರ ಈ ಸಲ ಕುರುಗೋಡಿನ ಹೆಣ್ಮಕ್ಳು ಅಂತ ಬರೀಬ್ಯಾಡ್ರಿ. ಬೈಯೋವಾಗ ಹಂಗ ಬರದಿದ್ರಿ. ನಮಗೂ ಒಬ್ಬೊಬ್ಬರಿಗೆ ಒಂದೊಂದು ಹೆಸರೈತಿ.”

ಆಕೆ ತನ್ನ ಹೆಸರು ಹೇಳಿದರು, ತವರಿನ ಅಡ್ಡಹೆಸರು ಸಮೇತ. ಒಲೆಯ ಸುತ್ತ ಕೂತವರು ಒಬ್ಬರಾದ ಮೇಲೆ ಒಬ್ಬರು ಹೇಳತೊಡಗಿದರು. ಒಬ್ಬಾಕೆ ಹೆಸರಿನ ಹಿಂದೆ ಶ್ರೀಮತಿ ಹಾಕಿ ಅಂದಳು. ಇನ್ನೊಬ್ಬಾಕೆ, ಆಕೆಗೆ ಹಾಕಿದರೆ ನನಗೂ ಹಾಕಿ ಅಂದಳು. ಅತ್ತಿಗೆ ಎಣ್ಣೆಯ ಬೆರಳಿನಲ್ಲಿ ಒತ್ತಿದ್ದೆಲ್ಲ ಜಾರಿ ಬೇರೆ ಅಕ್ಷರ ಬರುತ್ತಿತ್ತು, ನಾನು ಒರೆಸಿ ಒರೆಸಿ ಕೊಡುತ್ತಿದ್ದೆ. ಮೂಲೆಯ ಹಂಚಿನ ಹತ್ತಿರ ಕೂತಿದ್ದ ಒಬ್ಬ ಹುಡುಗಿ ಮಾತ್ರ ಸುಮ್ಮನಿದ್ದಳು, ಹೊಸದಾಗಿ ಮದುವೆಯಾದವಳ ಹಾಗಿದ್ದಳು.

“ನಿಂದು ಹೇಳವ್ವ,” ಅಂದಳು ಅತ್ತಿಗೆ.

“ನಂದು ಬ್ಯಾಡ್ರಿ ಅಕ್ಕ. ಮನ್ಯಾಗ ನಾ ಟೇಲರಿಂಗ್ ಕಲಿಯಾಕ ಹೋಗ್ತೀನಿ ಅಂತ ಹೇಳಿ ಬಂದೀನಿ. ನಮ್ಮತ್ತಿ ಎಲ್ಲಾ ನೋಡ್ತಾಳ ಫೋನಿನ್ಯಾಗ. ಬ್ಯಾರೆ ಏನರ ಹೆಸರು ಹಾಕ್ರಿ ನನಗ.”

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಅಡುಗೆಯಾಕೆಯ ಮುಖ ನೋಡಿದೆ.

“ಹಾಕ್ರಿ, ಹಾಕ್ರಿ. ಆಕಿ ಏನ್ ಯಾರಿಗೂ ಬೈಯಾಕ ಹೊಂಟಿಲ್ಲ,” ಅಂದು ಆಕೆ ಹುಡುಗಿಯ ಕಡೆ ತಿರುಗಿದರು. “ಹೆಸರು ಆಮ್ಯಾಲೆ ಇಟ್ಕೊಳ್ಳುವಂತಿ. ಮೊದಲು ತಿರುವಿ ಹಾಕಬೇ, ಸೀಯಾಕ ಹತ್ತೈತಿ.”